ಕೂಸಿನೊಂದಿಗೆ ಕ್ಷೇತ್ರ ದರ್ಶನ: ಯಾದಗಿರಿ ಭಾಗದ ಕುಟುಂಬಗಳು ತಿಳಿದಿರಬೇಕಾದ ವಿಷಯಗಳು

ಯಾದಗಿರಿ, ಶಹಾಪುರ, ಸುರಪುರ ಭಾಗದ ಅನೇಕ ಜೈನ ಮನೆಗಳಲ್ಲಿ ಕೂಸು ಹುಟ್ಟಿದ ಕೆಲವೇ ದಿನಕ್ಕೆ ಹಿರಿಯರಿಂದ ಒಂದು ಮಾತು ಬರುತ್ತದೆ: ಶ್ರವಣಬೆಳಗೊಳಕ್ಕೆ ಕರೆದುಕೊಂಡು ಹೋಗಿ ಬಾಹುಬಲಿ ಸ್ವಾಮಿಯ ದರ್ಶನ ಮಾಡಿಸಿಕೊಂಡು ಬರೋಣ. ಒಳ್ಳೆಯ ಮಾತೇ. ಆದರೆ ಹೊರಡುವ ದಿನವನ್ನು ಗೊತ್ತು ಮಾಡುವುದು ದೊಡ್ಡವರ ಅನುಕೂಲ ನೋಡಿ. ಅಂಗಡಿಗೆ ಬಿಡುವು, ದೊಡ್ಡ ಮಕ್ಕಳ ಶಾಲೆಗೆ ಸೂಟಿ ಎಂದು ಲೆಕ್ಕ ಹಾಕಿದರೆ ಅದು ಏಪ್ರಿಲ್ ಅಥವಾ ಮೇ ತಿಂಗಳೇ ಆಗುತ್ತದೆ. ಆಗ ಈ ಭಾಗದ ಬಿಸಿಲು 40 ಡಿಗ್ರಿ ದಾಟಿರುತ್ತದೆ. ದೊಡ್ಡವರಿಗೆ ಬರೀ ಆಯಾಸ ತರುವ ಬಿಸಿಲು ಎರಡು ತಿಂಗಳ ಕೂಸನ್ನು ಆಸ್ಪತ್ರೆಗೆ ಸೇರಿಸಬಲ್ಲದು.

ಎಷ್ಟು ತಿಂಗಳಿಗೆ ಹೊರಡಬಹುದು ಎಂಬ ಪ್ರಶ್ನೆಗೆ ಉತ್ತರ ನಮ್ಮ ನೆರೆಯಲ್ಲೇ ಇದೆ. ಸೇಡಂ ತಾಲೂಕಿನ ಮಳಖೇಡ ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಗುರು ಜಿನಸೇನಾಚಾರ್ಯರು ಆದಿಪುರಾಣದಲ್ಲಿ 53 ಗರ್ಭಾನ್ವಯ ಕ್ರಿಯೆಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಬಹಿರ್ಯಾನ ಎಂಬುದೊಂದು. ಕೂಸನ್ನು ಬಾಣಂತಿ ಕೋಣೆಯಿಂದ ಮೊದಲ ಸಲ ಹೊರಗೆ ತರುವ ಕ್ರಿಯೆ ಅದು. ಅದಕ್ಕೆ ಹೇಳಿರುವ ಕಾಲ ಎರಡು ಮೂರು ತಿಂಗಳು, ಇಲ್ಲವೇ ಮೂರು ನಾಲ್ಕು ತಿಂಗಳು. ಇಂದಿನ ಸರ್ಕಾರಿ ಲಸಿಕೆ ಪಟ್ಟಿಯನ್ನು ಪಕ್ಕದಲ್ಲಿಟ್ಟು ನೋಡಿ. ಹುಟ್ಟಿದಾಗಿನ ಲಸಿಕೆ ಬಿಟ್ಟರೆ 6, 10 ಮತ್ತು 14ನೇ ವಾರದ ಲಸಿಕೆಗಳು ಮುಗಿಯುವ ಹೊತ್ತಿಗೆ ಕೂಸಿಗೆ ಮೂರೂವರೆ ತಿಂಗಳು ತುಂಬುತ್ತದೆ. ಹಾಗಾಗಿ ದೂರದ ಯಾತ್ರೆಗೆ ನಾಲ್ಕನೇ ತಿಂಗಳವರೆಗೆ ಕಾಯುವುದು ಶಾಸ್ತ್ರಕ್ಕೂ ವೈದ್ಯರಿಗೂ ಒಪ್ಪುವ ದಾರಿ. ಲಸಿಕೆ ಹಾಕಿಸಿದ ಮರುದಿನವೇ ಹೊರಡಬಾರದು. ಜ್ವರ, ಕಿರಿಕಿರಿ ಬರುವುದು ಆಗಲೇ. ಅವಧಿಗೆ ಮುಂಚೆ ಹುಟ್ಟಿದ ಅಥವಾ ತೂಕ ಕಡಿಮೆ ಇರುವ ಕೂಸಾದರೆ ಡಾಕ್ಟರನ್ನು ಕೇಳದೆ ಟಿಕೆಟ್ ತೆಗೆಸಬೇಡಿ.

ಮೊದಲ ಪ್ರಯಾಣಕ್ಕೆ ಮಳಖೇಡವೇ ಸಾಕು. ಅಲ್ಲಿಯ ನೇಮಿನಾಥ ಬಸದಿಯ ದರ್ಶನ ಮಾಡಿ ಅದೇ ದಿನ ಮನೆಗೆ ಮರಳಬಹುದು. ಕೂಸು ಗಾಡಿಯಲ್ಲಿ ನಿದ್ದೆ ಮಾಡುತ್ತದೋ, ವಾಂತಿ ಮಾಡಿಕೊಳ್ಳುತ್ತದೋ, ಎಷ್ಟು ಹೊತ್ತಿಗೊಮ್ಮೆ ಹಾಲು ಕೇಳುತ್ತದೋ ಅಷ್ಟರಲ್ಲೇ ಗೊತ್ತಾಗುತ್ತದೆ.

ಬೆಳಗೊಳಕ್ಕೆ ರೈಲೇ ಉತ್ತಮ. ಶಹಾಪುರ, ಸುರಪುರದವರಿಗೂ ಹತ್ತಿರದ ನಿಲ್ದಾಣ ಯಾದಗಿರಿಯೇ. ರಾತ್ರಿ ಹೊತ್ತು ಯಾದಗಿರಿ ಹಾದು ಹೋಗುವ ಸೊಲ್ಲಾಪುರ–ಹಾಸನ ಎಕ್ಸ್‌ಪ್ರೆಸ್ ಬೆಂಗಳೂರಿನ ಮೇಲೆ ಶ್ರವಣಬೆಳಗೊಳದ ದಾರಿಯಲ್ಲೇ ಸಾಗುವುದರಿಂದ ಕೂಸನ್ನು ಎತ್ತಿಕೊಂಡು ಬೆಂಗಳೂರಿನಲ್ಲಿ ಗಾಡಿ ಬದಲಿಸುವ ಕಷ್ಟವಿಲ್ಲ. ಸಮಯ ಬದಲಾಗುತ್ತಿರುತ್ತದೆ, ಹೊರಡುವ ಮುನ್ನ ನೋಡಿಕೊಳ್ಳಿ. ಐದು ವರ್ಷದೊಳಗಿನ ಮಕ್ಕಳಿಗೆ ಬರ್ತ್ ಬೇಡವೆಂದರೆ ರೈಲಿನಲ್ಲಿ ಟಿಕೆಟ್ ಇಲ್ಲ. 2022ರ ಮೇ ತಿಂಗಳಲ್ಲಿ ಉತ್ತರ ರೈಲ್ವೆಯವರು ಲಖನೌ ಮೇಲ್‌ನಲ್ಲಿ ಕೂಸಿಗೆಂದೇ ಮಡಚುವ ಸಣ್ಣ ಬರ್ತ್ ಅಳವಡಿಸಿ ನೋಡಿದ್ದರು. ಅದನ್ನು ನಂಬಿ ಕೂರುವಂತಿಲ್ಲ. ತಾಯಿಗೆ ಕೆಳಗಿನ ಬರ್ತ್ ಸಿಗುವಂತೆ ಮೊದಲೇ ಬುಕ್ ಮಾಡಿ, ಕೂಸನ್ನು ಗೋಡೆಯ ಕಡೆಗೆ ಮಲಗಿಸಿ. ಬಾಗಿಲ ಹತ್ತಿರದ ಸೀಟು ಬೇಡ, ರಾತ್ರಿಯಿಡೀ ಜನ ಓಡಾಡುತ್ತಾರೆ. ಎರಡು ಬರ್ತ್‌ಗಳ ನಡುವೆ ಸೀರೆಯ ಜೋಳಿಗೆ ಕಟ್ಟುವ ರೂಢಿ ಹಳೆಯದು, ಕೂಸು ಅದರಲ್ಲಿ ಸೊಗಸಾಗಿ ಮಲಗುವುದೂ ನಿಜ. ಆದರೆ ಗಾಡಿ ಗಕ್ಕನೆ ನಿಂತರೆ ಜೋಳಿಗೆ ಕಂಬಿಗೆ ಬಡಿಯುತ್ತದೆ. ಕಟ್ಟಲೇಬೇಕೆಂದರೆ ತಗ್ಗಿನಲ್ಲಿ ಕಟ್ಟಿ, ಒಬ್ಬರು ಎಚ್ಚರವಿದ್ದು ಕೈ ಹಿಡಿದಿರಬೇಕು.

ಹೆಚ್ಚು ಭಯವಿರುವುದು ಮನೆಯಿಂದ ನಿಲ್ದಾಣದವರೆಗಿನ ದಾರಿಯದು. ಗಂಡ ಬೈಕ್ ಓಡಿಸುತ್ತಾನೆ, ಹಿಂದೆ ಒಂದು ಪಕ್ಕಕ್ಕೆ ಕುಳಿತ ತಾಯಿಯ ತೊಡೆಯ ಮೇಲೆ ಕೂಸು, ಮೇಲೊಂದು ಚೀಲ. ನಾಲ್ಕು ವರ್ಷದೊಳಗಿನ ಮಕ್ಕಳನ್ನು ಬೈಕಿನಲ್ಲಿ ಒಯ್ಯುವಾಗ ಸವಾರನಿಗೆ ಬಿಗಿಯುವ ಸುರಕ್ಷಾ ಪಟ್ಟಿ ಇರಬೇಕು, ವೇಗ 40 ಕಿ.ಮೀ. ಮೀರಬಾರದು, ಒಂಬತ್ತು ತಿಂಗಳು ತುಂಬಿದ ಮಗುವಿಗೆ ಹೆಲ್ಮೆಟ್ ಇರಬೇಕು ಎಂಬ ಕೇಂದ್ರ ಸರ್ಕಾರದ ನಿಯಮ 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಒಂಬತ್ತು ತಿಂಗಳೊಳಗಿನ ಕೂಸಿಗೆ ಬೈಕೇ ಬೇಡ. ಬಸ್ಸು, ಟಂಟಂ, ಕಾರು ಏನಾದರೂ ಆದೀತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ತಾಯಿಗೂ ಅಜ್ಜಿಗೂ ಸರ್ಕಾರಿ ಬಸ್ಸು ಉಚಿತವಾಗಿರುವಾಗ ಬೈಕಿನ ಹಟವೇಕೆ? ಕಾರಿನಲ್ಲಾದರೆ ತಾಯಿ ಕೂಸಿನೊಂದಿಗೆ ಹಿಂದಿನ ಸೀಟಿನಲ್ಲಿ ಕೂರಲಿ. ಮುಂದಿನ ಏರ್‌ಬ್ಯಾಗ್ ದೊಡ್ಡವರನ್ನು ಉಳಿಸುತ್ತದೆ, ತೊಡೆಯ ಮೇಲಿನ ಕೂಸಿಗೆ ಅದೇ ಅಪಾಯ. ಐದೇ ನಿಮಿಷ ಎಂದುಕೊಂಡು ಮುಚ್ಚಿದ ಕಾರಿನಲ್ಲಿ ಕೂಸನ್ನು ಬಿಟ್ಟು ಅಂಗಡಿಗೆ ಹೋಗುವುದಂತೂ ಕೂಡದು.

ಆಹಾರದ ವಿಷಯದಲ್ಲಿ ಮನೆಗಳಲ್ಲಿ ಗೊಂದಲ ಹೆಚ್ಚು. ಆರು ತಿಂಗಳವರೆಗೆ ಎದೆಹಾಲು ಮಾತ್ರ. ಬೇಸಿಗೆಯಲ್ಲೂ ನೀರು ಕುಡಿಸುವ ಅಗತ್ಯವಿಲ್ಲ, ಎದೆಹಾಲಿನಲ್ಲಿ ಹೆಚ್ಚಿನ ಪಾಲು ನೀರೇ ಇರುತ್ತದೆ. ಪದೇ ಪದೇ ಹಾಲೂಡಿಸಬೇಕು, ನೀರು ಕುಡಿಯಬೇಕಾದವಳು ತಾಯಿ. ರಾತ್ರಿಭೋಜನ ತ್ಯಾಗವನ್ನು ಕೂಸಿಗೆ ಅನ್ವಯಿಸಿ, ಸೂರ್ಯ ಮುಳುಗಿದ ಮೇಲೆ ಹಾಲು ಕೊಡಬಹುದೇ ಎಂದು ಕೇಳುವವರೂ ಇದ್ದಾರೆ. ವ್ರತ ಸ್ವೀಕಾರಕ್ಕೆ ಎಂಟು ವರ್ಷ ತುಂಬಬೇಕೆಂದು ಶಾಸ್ತ್ರವೇ ಹೇಳಿರುವಾಗ ಹಾಲು ಕುಡಿಯುವ ಕೂಸಿಗೆ ಯಾವ ವ್ರತ? ತಾಯಿ ರಾತ್ರಿ ಊಟ ಬಿಟ್ಟವಳಾಗಿದ್ದರೆ ಸಂಜೆಯೊಳಗೆ ಆಕೆಗೆ ಹೊಟ್ಟೆ ತುಂಬ ಊಟ ಆಗುವಂತೆ ನೋಡಿಕೊಳ್ಳುವುದು ಜೊತೆಗಿದ್ದವರ ಕೆಲಸ. ರಾತ್ರಿ ರೈಲಿಗೆ ಹೊರಡುವ ಗಡಿಬಿಡಿಯಲ್ಲಿ ತಪ್ಪಿಹೋಗುವುದು ಇದೇ.

ಆರು ತಿಂಗಳ ಮೇಲಿನ ಮಗುವಿಗೆ ಆಲೂಗಡ್ಡೆ, ಗಜ್ಜರಿ ಇಲ್ಲದೆ ಏನು ಕೊಡುವುದೆಂದು ಚಿಂತಿಸಬೇಕಿಲ್ಲ. ಅಕ್ಕಿ ಮತ್ತು ಹೆಸರುಬೇಳೆಯನ್ನು ಹುರಿದು ಪುಡಿ ಮಾಡಿ ಡಬ್ಬಿಯಲ್ಲಿಟ್ಟುಕೊಂಡರೆ ಬಿಸಿನೀರು ಸಿಕ್ಕಲ್ಲಿ ಗಂಜಿ ಕಾಸಬಹುದು. ಬಾಳೆಹಣ್ಣು ಎಲ್ಲ ನಿಲ್ದಾಣಗಳಲ್ಲೂ ಸಿಗುತ್ತದೆ. ನೀರನ್ನು ಸೋಸಿ, ಕಾಯಿಸಿ ಬಳಸುವ ನಮ್ಮ ಮನೆಗಳ ಪದ್ಧತಿ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಒಂದು ಫ್ಲಾಸ್ಕ್ ನೀರು ಮನೆಯಿಂದಲೇ ತನ್ನಿ. ದಾರಿಯಲ್ಲಿ ಯಾರಾದರೂ ಪ್ರೀತಿಯಿಂದ ಕೂಸಿನ ನಾಲಿಗೆಗೆ ಜೇನು ಹಚ್ಚಲು ಬಂದರೆ ಮುಲಾಜಿಲ್ಲದೆ ಬೇಡ ಎನ್ನಿ. ಜೇನು ನಮಗೆ ವರ್ಜ್ಯ. ವರ್ಷ ತುಂಬದ ಮಗುವಿಗೆ ಅದರಿಂದ ಬೊಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದೆಂದು ವೈದ್ಯರೂ ಬೇಡವೆನ್ನುತ್ತಾರೆ.

ಬೆಳಗೊಳ ತಲುಪಿದ ದಿನವೇ ಬೆಟ್ಟ ಹತ್ತಬೇಡಿ. ವಿಂಧ್ಯಗಿರಿಗೆ 600ಕ್ಕೂ ಹೆಚ್ಚು ಮೆಟ್ಟಿಲು, ಬರಿಗಾಲು, ಹೊತ್ತೇರಿದರೆ ಬಂಡೆ ಕೆಂಡ. ಮರುದಿನ ಬೆಳಕು ಹರಿಯುತ್ತಲೇ ಹೊರಡಿ. ಕೂಸನ್ನು ಎದೆಗೆ ಕಟ್ಟಿಕೊಂಡವರ ಒಂದು ಕೈ ಕಂಬಿ ಹಿಡಿಯಲು ಖಾಲಿ ಇರಲಿ. ಡೋಲಿ ಹೊರುವವರೂ ಇದ್ದಾರೆ. ಕೂಸು ಸಪ್ಪಗಿದ್ದರೆ ಸರದಿಯಂತೆ ಹತ್ತಿ: ಒಬ್ಬರು ಮೇಲೆ ಹೋದಾಗ ಇನ್ನೊಬ್ಬರು ಕೆಳಗೆ ಭಂಡಾರಿ ಬಸದಿಯಲ್ಲಿ ಕೂಸಿನೊಂದಿಗೆ ಇಪ್ಪತ್ನಾಲ್ಕು ತೀರ್ಥಂಕರರ ದರ್ಶನ ಮಾಡಬಹುದು. ಬಿಸಿಲಿಗೆಂದು ಕೂಸಿನ ಮುಖದ ಮೇಲೆ ದಪ್ಪ ಬಟ್ಟೆ ಹೊದಿಸಬೇಡಿ, ಒಳಗೆ ಸೆಕೆ ಕಟ್ಟುತ್ತದೆ. ಛತ್ರಿ ಹಿಡಿಯಿರಿ.

ದಿನಕ್ಕೆ ಆರು ಸಲ ಒದ್ದೆ ಮಾಡುತ್ತಿದ್ದ ಕೂಸು ಎರಡು ಮೂರು ಸಲಕ್ಕೆ ಇಳಿದರೆ, ಬಾಯಿ ಒಣಗಿ ನೆತ್ತಿ ಒಳಸರಿದರೆ ದೇಹದಲ್ಲಿ ನೀರು ಕಡಿಮೆಯಾಗಿದೆ ಎಂದರ್ಥ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೂ ಮನೆಮದ್ದಿಗೆ ಕಾಯುವಂತಿಲ್ಲ. ರೈಲಿನಲ್ಲಿದ್ದರೆ 139ಕ್ಕೆ ಕರೆ ಮಾಡಿ ಮುಂದಿನ ನಿಲ್ದಾಣದಲ್ಲಿ ಡಾಕ್ಟರ್ ಬೇಕೆಂದು ಹೇಳಬಹುದು. ರಸ್ತೆಯಲ್ಲಿದ್ದರೆ 108. ಕೂಸಿನ ತಾಯಿಕಾರ್ಡ್ ಚೀಲದ ಮೇಲಿನ ಜೇಬಿನಲ್ಲೇ ಇರಲಿ, ಯಾವ ಲಸಿಕೆ ಆಗಿದೆ ಎಂದು ಡಾಕ್ಟರ್ ಮೊದಲು ಕೇಳುವುದು ಅದನ್ನೇ.