ಕ್ಯಾಟ್‌ಫಿಶ್ ತೊಟ್ಟಿಯ ಜಾಡಮಾಲಿಯೇ?

ಹತ್ತನೆಯ ತರಗತಿಯ ವಿಜ್ಞಾನದ ‘ನಮ್ಮ ಪರಿಸರ’ ಅಧ್ಯಾಯದಲ್ಲಿ ಅಕ್ವೇರಿಯಂ ರಚಿಸುವ ಚಟುವಟಿಕೆಯಿದೆ. ಅಕ್ವೇರಿಯಂ ತೊಳೆಯುವ ಹಾಗೆ ಕೆರೆಯನ್ನೂ ತೊಳೆಯಬೇಕೇ ಎಂಬ ಪ್ರಶ್ನೆ ಅದರ ಜೊತೆಗೇ ಬರುತ್ತದೆ. ಬೋಧನಾಭ್ಯಾಸದಲ್ಲಿ ಹಳಿಯಾಳ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ನಾನು ಈ ಪ್ರಶ್ನೆ ಕೇಳಿದಾಗ ಹಿಂದಿನ ಬೆಂಚಿನಿಂದ ಉತ್ತರ ಬಂತು: “ಕ್ಯಾಟ್‌ಫಿಶ್ ಬಿಟ್ರ ತೊಳಿಯೋದ ಬ್ಯಾಡ್ರಿ ಟೀಚರ್, ಹೊಲಸೆಲ್ಲಾ ಅದ ತಿಂತೈತ್ರಿ.”

ಈ ನಂಬಿಕೆ ಮಕ್ಕಳಿಗಷ್ಟೇ ಸೀಮಿತವಲ್ಲ. ಅಂಗಡಿಯಲ್ಲೂ ಇದೇ ಮಾತು ಹೇಳಿ ಮೀನು ಕೊಡುತ್ತಾರೆ. ದಾಂಡೇಲಿಯ ನಮ್ಮ ಮನೆಯ ತೊಟ್ಟಿಯಲ್ಲಿ ಗಪ್ಪಿ, ಟೆಟ್ರಾಗಳ ಜೊತೆ ಆರು ಕೋರಿಡೋರಾಸ್ ಕ್ಯಾಟ್‌ಫಿಶ್‌ಗಳಿವೆ. ಅವು ತಳದ ಮರಳು ಕೆದಕುವುದು ನಿಜ. ಆದರೆ ಹುಡುಕುವುದು ಹುಳು ಮತ್ತು ಉಳಿದ ಆಹಾರವನ್ನು. ಬೇರೆ ಮೀನಿನ ಮಲವನ್ನಲ್ಲ. ತಿಂದ ಮೇಲೆ ಅವೂ ವಿಸರ್ಜಿಸುತ್ತವೆ. ಅಂದರೆ ಆಹಾರ ಸರಪಳಿಯಲ್ಲಿ ಕ್ಯಾಟ್‌ಫಿಶ್ ಭಕ್ಷಕ, ವಿಘಟಕ ಅಲ್ಲ. ತೊಟ್ಟಿಗೆ ಒಂದು ಹೊಟ್ಟೆ ಹೆಚ್ಚಾಯಿತು, ಅಷ್ಟೇ.

ಶುಚಿಗೊಳಿಸುವ ಕೆಲಸ ಕಣ್ಣಿಗೆ ಕಾಣದವರದ್ದು. ಮೀನಿನ ಕಿವಿರು ಮತ್ತು ಮಲದಿಂದ ಬರುವ ಅಮೋನಿಯ ವಿಷ. ಒಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ; ಅದೂ ವಿಷವೇ. ಇನ್ನೊಂದು ಗುಂಪು ಅದನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿಸುತ್ತದೆ. ಕೆರೆಯಲ್ಲಿ ಕೆಸರು, ಸಸ್ಯ, ವಿಶಾಲ ನೀರು ಸೇರಿ ಇದನ್ನು ನಿಭಾಯಿಸುತ್ತವೆ. 60 ಸೆಂ.ಮೀ. ಉದ್ದ, 30 ಅಗಲ, 30 ಎತ್ತರದ ತೊಟ್ಟಿಗೆ ಹಿಡಿಸುವುದು 54 ಲೀಟರ್ (ಘನಫಲದ ಲೆಕ್ಕ ಮಕ್ಕಳೇ ಮಾಡಿದರು). ಅಷ್ಟರಲ್ಲಿ ನೈಟ್ರೇಟ್ ಕೂಡುತ್ತಲೇ ಹೋಗುವುದರಿಂದ ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಬೇಕು. ಪಠ್ಯದ ಪ್ರಶ್ನೆಗೆ ಉತ್ತರ ಇಲ್ಲಿದೆ.

‘ತಿಳಿದುದರಿಂದ ತಿಳಿಯದುದರ ಕಡೆಗೆ’ ಎಂಬ ಸೂತ್ರಕ್ಕೆ ನಮ್ಮ ತಾಲ್ಲೂಕುಗಳಲ್ಲಿ ಒಳ್ಳೆಯ ಸಾಮಗ್ರಿಯಿದೆ: ಚೇಳುಮೀನು. ಮುಂಡಗೋಡ, ಹಳಿಯಾಳದ ಕೆರೆಗಳಲ್ಲಿ ಮೀನು ಹಿಡಿಯುವ ಮನೆಯ ಮಕ್ಕಳಿಗೆ ಅದರ ಮುಳ್ಳಿನ ಉರಿ ಗೊತ್ತು. ಕೋರಿಡೋರಾಸ್‌ಗೂ ಬೆನ್ನಿನ ಮತ್ತು ಎದೆಯ ಈಜುರೆಕ್ಕೆಗಳಲ್ಲಿ ಮುಳ್ಳುಗಳಿವೆ. ಬಲೆಯಲ್ಲಿ ಸಿಕ್ಕಿಕೊಳ್ಳುವುದರಿಂದ ಅದನ್ನು ಡಬ್ಬಿಯಿಂದ ಹಿಡಿಯುವುದು ಲೇಸು. ಎರಡೂ ಮೇಲೆ ಬಂದು ಗಾಳಿ ನುಂಗುತ್ತವೆ. ಚೇಳುಮೀನು ಕಿವಿರಿನ ಕೋಣೆಯಿಂದ ಹಿಂದಕ್ಕೆ ಚಾಚಿದ ಗಾಳಿಚೀಲದಿಂದ, ಕೋರಿಡೋರಾಸ್ ಕರುಳಿನ ಗೋಡೆಯಿಂದ ಆಮ್ಲಜನಕ ಹೀರುತ್ತದೆ. ಕರುಳಿನಿಂದ ಉಸಿರಾಟ ಎಂದಾಗ ತರಗತಿ ನಕ್ಕಿತು; ಆಮೇಲೆ ಯಾರೂ ಮರೆಯಲಿಲ್ಲ.

ಸಾಕುವ ವಿವರ ಹೆಚ್ಚಿಲ್ಲ. ಕೋರಿಡೋರಾಸ್ ಒಂಟಿಯಾಗಿರಬಾರದು, ಐದಾರು ಬೇಕು. ತಳಕ್ಕೆ ನುಣುಪು ಮರಳು. ಚೂಪು ಜಲ್ಲಿ ಹಾಕಿದರೆ ರುಚಿ ಹಿಡಿಯುವ ಮೀಸೆ ಸವೆಯುತ್ತದೆ. ಉಳಿದ ಮೀನು ಬಿಟ್ಟದ್ದು ಸಾಲದು. ಮುಳುಗುವ ಗುಳಿಗೆಯನ್ನು ದೀಪ ಆರಿಸಿದ ಮೇಲೆ ಹಾಕಬೇಕು.

ಕೊಳ್ಳುವಾಗಿನ ಎಚ್ಚರವೇ ಮುಖ್ಯ. ಗಾಜಿಗೆ ಬಾಯಿ ಅಂಟಿಸಿಕೊಂಡಿರುವ ‘ಸಕರ್’ ಮೀನು ಅಂಗಡಿಯಲ್ಲಿ ಬೆರಳುದ್ದ. ಬೆಳೆದರೆ ಒಂದಡಿ ಮೀರುತ್ತದೆ. ‘ಶಾರ್ಕ್’ ಎಂದು ಮಾರುವ ಪಂಗಾಸಿಯಸ್ ಶಾರ್ಕ್ ಅಲ್ಲ, ಮೀಟರ್ ಮೀರಿ ಬೆಳೆಯಬಲ್ಲ ಕ್ಯಾಟ್‌ಫಿಶ್. ತೊಟ್ಟಿ ಸಾಲದಾದಾಗ ಮನೆಯವರು ಪುಣ್ಯದ ಕೆಲಸವೆಂದೇ ಅದನ್ನು ನೀರಿಗೆ ಬಿಡುತ್ತಾರೆ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲೇ ನಿಷೇಧಿಸಿದ್ದು ಅದು ದೇಶೀ ಮೀನುಗಳನ್ನು ನುಂಗಿಹಾಕುತ್ತದೆಂದು. ಸಕರ್ ಮೀನು ಕೇರಳ, ಆಂಧ್ರದ ನೀರುಗಳಲ್ಲಿ ನೆಲೆಯೂರಿ ಮೀನುಗಾರರ ಬಲೆ ಹರಿಯುತ್ತಿದೆ. ಕಾಳಿ ನದಿ ಜೋಯಿಡಾದ ಕಾಡಿನಿಂದ ಸೂಪಾ ಅಣೆಕಟ್ಟು ದಾಟಿ ದಾಂಡೇಲಿಗೆ ಬರುತ್ತದೆ. ಪಶ್ಚಿಮಘಟ್ಟದ ನದಿಗಳ ಮೀನುಗಳನ್ನು ನಾವಿನ್ನೂ ಪೂರ್ತಿ ಎಣಿಸಿಲ್ಲ: ನೆರೆಯ ಶರಾವತಿಯಲ್ಲಿ ಬಟಾಸಿಯೋ ಕುಲದ ಹೊಸ ಕ್ಯಾಟ್‌ಫಿಶ್ ಜಾತಿಯೊಂದನ್ನು ವಿಜ್ಞಾನಿಗಳು ವಿವರಿಸಿದ್ದು 2004ರಲ್ಲಿ. ಇಂಥ ನೀರಿಗೆ ಅಂಗಡಿಯ ಮೀನು ಬಿಡಬಹುದೇ ಎಂದು ಮೌಲ್ಯಮಾಪನದಲ್ಲಿ ಕೇಳಿದೆ. ಕ್ಯಾಟ್‌ಫಿಶ್ ಪರ ಮಾತಾಡಿದ್ದ ಹುಡುಗನೇ “ಅಂಗಡಿಯವ್ರಿಗೆ ವಾಪಸ್ ಕೊಡಬೇಕ್ರಿ” ಎಂದ.

ಈ ಪಾಠಕ್ಕೆ ನಿಜವಾದ ತೊಟ್ಟಿ ಇಡಬಯಸುವ ಸಹಪ್ರಶಿಕ್ಷಣಾರ್ಥಿಗಳು ಶಾಲೆಗೆ ಹೋದ ಮೊದಲ ವಾರವೇ ನೀರು ತುಂಬಿಸಿ, ಫಿಲ್ಟರ್ ಓಡಿಸಿ, ದಿನಾ ಚಿಟಿಕೆ ಮೀನಿನ ಆಹಾರ ಹಾಕಲು ಶುರುಮಾಡಲಿ. ಬ್ಯಾಕ್ಟೀರಿಯಾ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಮೀನು ತರುವುದು ಅದಾದ ಮೇಲೆ.