ಊರು ಬಿಟ್ಟರೂ ಫೋನ್ ಹತ್ತಬೇಕಾದರೆ ಏನು ಮಾಡಬೇಕು?



ಈಗ ಎಲ್ಲರ ಮನೆಯಲ್ಲೂ ಮೊಬೈಲ್ ಇದೆ. ಆದರೆ ಪರಸ್ಥಳಕ್ಕೆ ಹೋದಾಗ ‘ನೆಟ್‌ವರ್ಕ್ ಇಲ್ಲ’ ಅಂತ ಬಂದರೆ ಏನು ಮಾಡಬೇಕು ಅಂತ ತುಂಬಾ ಜನಕ್ಕೆ ಗೊತ್ತಿಲ್ಲ. ನಾನು ತಿಳಿದುಕೊಂಡಿದ್ದನ್ನು ಇಲ್ಲಿ ಬರೆದಿದ್ದೇನೆ.

ರೋಮಿಂಗ್ ಎಂದರೇನು?

ಫೋನ್ ಸೇವೆಗಾಗಿ ನಮ್ಮ ದೇಶವನ್ನು 22 ವಲಯಗಳಾಗಿ ಮಾಡಿದ್ದಾರೆ. ಇವಕ್ಕೆ ಸರ್ಕಲ್ ಅನ್ನುತ್ತಾರೆ. ಇಡೀ ಕರ್ನಾಟಕ ಒಂದು ಸರ್ಕಲ್. ನಿಟ್ಟುವಳ್ಳಿಯಿಂದ ಹರಿಹರಕ್ಕೆ ಹೋದರೂ ಬೀದರಿಗೆ ಹೋದರೂ ಅದೇ ಸರ್ಕಲ್. ತಲಪಾಡಿ ಗಡಿ ದಾಟಿ ಕಾಸರಗೋಡಿಗೆ ಹೋದರೆ ಕೇರಳ ಸರ್ಕಲ್ ಶುರು. ಅಲ್ಲಿ ಕನ್ನಡ ಮಾತಾಡುವವರು ಬಹಳ ಇದ್ದಾರೆ, ಆದರೆ ಫೋನಿಗೆ ಅದು ಬೇರೆ ಸರ್ಕಲ್. ಹೀಗೆ ನಮ್ಮ ಸಿಮ್ ಬೇರೆ ಸರ್ಕಲ್‌ನ ಟವರ್ ಹಿಡಿಯುವುದೇ ರೋಮಿಂಗ್.

ಹಿಂದೆ ರೋಮಿಂಗಿನಲ್ಲಿ ಬಂದ ಕರೆಗೂ ದುಡ್ಡು ಹೋಗುತ್ತಿತ್ತು. ಬಿಎಸ್‌ಎನ್‌ಎಲ್ 2015ರ ಜೂನ್ 15ರಿಂದ ಬರುವ ಕರೆಗಳನ್ನು ಉಚಿತ ಮಾಡಿತು. ಏರ್‌ಟೆಲ್ 2017ರ ಏಪ್ರಿಲ್ 1ರಿಂದ ದೇಶದೊಳಗಿನ ರೋಮಿಂಗ್ ಶುಲ್ಕ ತೆಗೆಯಿತು. ಆದರೂ ಕೆಲವು ಹಿರಿಯರು ಈಗಲೂ ದುಡ್ಡು ಹೋಗುತ್ತೆ ಅಂತ ಹೆದರಿ ಫೋನೇ ಎತ್ತುವುದಿಲ್ಲ!

ಆಟೋಮ್ಯಾಟಿಕ್ಕೋ, ಮ್ಯಾನುಯಲ್ಲೋ?

ಸೆಟ್ಟಿಂಗ್‌ನಲ್ಲಿ ಮೊಬೈಲ್ ನೆಟ್‌ವರ್ಕ್ ಅಂತ ಇರುತ್ತದೆ. ಅದರೊಳಗೆ ನೆಟ್‌ವರ್ಕ್ ಆಯ್ಕೆ. ಆಟೋಮ್ಯಾಟಿಕ್ ಇಟ್ಟರೆ ಫೋನೇ ಸರಿಯಾದ ಟವರ್ ಹುಡುಕಿಕೊಳ್ಳುತ್ತದೆ. ಮ್ಯಾನುಯಲ್ ಇಟ್ಟರೆ ನಾವು ಆರಿಸಿದ್ದನ್ನೇ ಹಿಡಿಯಲು ನೋಡುತ್ತದೆ.

ಪ್ರತಿ ನೆಟ್‌ವರ್ಕಿಗೂ ಒಂದು ಸಂಖ್ಯೆ ಉಂಟು. ಬಿಎಸ್‌ಎನ್‌ಎಲ್‌ಗೆ ಕರ್ನಾಟಕದಲ್ಲಿ 404 71, ಕೇರಳದಲ್ಲಿ 404 72. ಕಂಪನಿ ಒಂದೇ, ಸಂಖ್ಯೆ ಬೇರೆ. ಇಲ್ಲಿ ಮ್ಯಾನುಯಲ್ ಆಗಿ ಕರ್ನಾಟಕದ್ದನ್ನು ಆರಿಸಿಟ್ಟು ಗಡಿ ದಾಟಿದರೆ ಫೋನ್ ಅದನ್ನೇ ಹುಡುಕುತ್ತಾ ಕೂರಬಹುದು.

ನಮ್ಮ ಚಿಕ್ಕಪ್ಪ ಲಾರಿ ಡ್ರೈವರ್. ಅಕ್ಕಿ ಹೇರಿಕೊಂಡು ಕಾಸರಗೋಡಿಗೆ ಹೋದಾಗ ಹೀಗೇ ಆಯಿತು. ಎರಡು ದಿನ ಫೋನ್ ಹತ್ತಲಿಲ್ಲ. ಅಜ್ಜಿ ಸರಿಯಾಗಿ ಊಟ ಮಾಡಲಿಲ್ಲ, ಲಾರಿಗೆ ಏನಾಯ್ತೋ ಅಂತ ಒಂದೇ ಸಮನೆ ಕೇಳುತ್ತಿದ್ದರು. ಫೋನ್ ಕೆಟ್ಟಿರಲಿಲ್ಲ, ರೀಚಾರ್ಜೂ ಇತ್ತು. ಅಲ್ಲಿನ ಒಬ್ಬ ಡ್ರೈವರ್ ನೋಡಿ ಆಟೋಮ್ಯಾಟಿಕ್ ಮಾಡಿಕೊಟ್ಟ ಮೇಲೆ ಎರಡೇ ನಿಮಿಷದಲ್ಲಿ ಕರೆ ಬಂತು.

ಡೇಟಾ ರೋಮಿಂಗ್

ಇದು ಇಂಟರ್ನೆಟ್‌ಗೆ ಮಾತ್ರ ಸಂಬಂಧಪಟ್ಟದ್ದು. ಬೇರೆ ರಾಜ್ಯದಲ್ಲಿ ಕರೆ ಬರುತ್ತಿದ್ದು ನೆಟ್ ಬರದಿದ್ದರೆ ಇದನ್ನು ಆನ್ ಮಾಡಿ ನೋಡಬೇಕು. ಆದರೆ ದುಬೈ ಮುಂತಾದ ಹೊರದೇಶಕ್ಕೆ ಹೋಗುವವರು ಮೊದಲು ಇದನ್ನು ಆಫ್ ಮಾಡಬೇಕು. ಅದಕ್ಕೆ ಬೇರೆ ಪ್ಯಾಕ್ ಹಾಕಿಸಿಕೊಳ್ಳದಿದ್ದರೆ ಬಹಳ ದುಡ್ಡು ಹೋಗುವ ಸಂಭವ ಇದೆ.

2ಜಿ, 4ಜಿ, 5ಜಿ

ಬ್ಯಾಟರಿ ಉಳಿಯುತ್ತೆ ಅಂತ ಕೆಲವರು ‘2ಜಿ ಮಾತ್ರ’ ಅಂತ ಇಡುತ್ತಾರೆ. ಜಿಯೋದಲ್ಲಿ 2ಜಿ ಇಲ್ಲವೇ ಇಲ್ಲ, ಆದ್ದರಿಂದ ಆ ಸಿಮ್ಮಿಗೆ ಹೀಗೆ ಇಟ್ಟರೆ ಕರೆಯೂ ಬರಲ್ಲ. ಎಲ್ಲವೂ ಸೇರಿರುವ ಆಯ್ಕೆಯೇ ಒಳ್ಳೆಯದು.

ನೆನಪಿಡಿ

1. ನೆಟ್‌ವರ್ಕ್ ಆಯ್ಕೆ ಆಟೋಮ್ಯಾಟಿಕ್ ಇರಲಿ.
2. ಗಡಿ ದಾಟಿದ ಮೇಲೂ ನೆಟ್‌ವರ್ಕ್ ಬಾರದಿದ್ದರೆ ಏರೋಪ್ಲೇನ್ ಗುರುತು ಒತ್ತಿ, ಸ್ವಲ್ಪ ಹೊತ್ತು ಬಿಟ್ಟು ತೆಗೆಯಿರಿ. ಫೋನ್ ಹೊಸದಾಗಿ ಹುಡುಕುತ್ತದೆ.
3. ಟವರೇ ಇಲ್ಲದ ಘಾಟಿಯಲ್ಲಿ ಯಾವ ಸೆಟ್ಟಿಂಗೂ ಕೆಲಸ ಮಾಡಲ್ಲ. ಘಾಟಿ ಹತ್ತುವ ಮೊದಲೇ ಮನೆಗೆ ಒಂದು ಮಾತು ಹೇಳಿಬಿಡಬೇಕು.
4. ‘ತುರ್ತು ಕರೆ ಮಾತ್ರ’ ಅಂತ ತೋರಿಸಿದರೆ ಹತ್ತಿರದಲ್ಲಿ ಬೇರೆ ಕಂಪನಿಯ ಟವರ್ ಇದೆ ಅಂತ ಅರ್ಥ. ಅಪಾಯದಲ್ಲಿದ್ದರೆ 112ಕ್ಕೆ ಕರೆ ಮಾಡಿ ನೋಡಿ, ಆ ಟವರ್ ಮೂಲಕ ಹೋಗಬಹುದು.

ದೊಡ್ಡವರಿಗೆ ಈ ಸಣ್ಣ ಅಕ್ಷರ ಓದೋದು ಕಷ್ಟ. ನಮಗೆ ಓದಲು ಬರುತ್ತದಲ್ಲವೇ? ನಿಮ್ಮ ಮನೆಯಿಂದ ಯಾರಾದರೂ ಪರಸ್ಥಳಕ್ಕೆ ಹೊರಟರೆ, ಬುತ್ತಿ ಕಟ್ಟುವ ಹೊತ್ತಿನಲ್ಲಿ ಅವರ ಫೋನ್ ಇಸಿದುಕೊಂಡು ಇಷ್ಟು ನೋಡಿ ಕೊಡಿ.

– 7ನೇ ತರಗತಿ, ನಿಟ್ಟುವಳ್ಳಿ