ಸ್ಪೋರ್ಟ್ಸ್ ಬೈಕು ಕೇಳುವ ನೆಲ

ಕಲ್ಯಾಣ್–ಶಿಳ್ ರಸ್ತೆಯ ಪಲಾವಾ ಮೇಲ್ಸೇತುವೆಗಾಗಿ ಡೊಂಬಿವಲಿ ಕಡೆಯವರು ವರ್ಷಗಟ್ಟಲೆ ಕಾದಿದ್ದರು. 2025ರ ಜುಲೈ ಮಳೆಯಲ್ಲಿ ಅದು ತೆರೆದ ದಿನವೇ ದ್ವಿಚಕ್ರ ವಾಹನಗಳು ಜಾರಿ ಬೀಳತೊಡಗಿದವು. ಸೇತುವೆಯನ್ನು ಮತ್ತೆ ಮುಚ್ಚಿ ಮೇಲ್ಮೈ ಸರಿಪಡಿಸಬೇಕಾಯಿತು. ಸ್ಪೋರ್ಟ್ಸ್ ಬೈಕು ಕೊಳ್ಳಲು ಹೊರಟಿರುವ ನಮ್ಮ ಹುಡುಗರು ಶೋರೂಮಿಗೆ ಕಾಲಿಡುವ ಮೊದಲು ಇದನ್ನು ಒಮ್ಮೆ ನೆನೆಯಬೇಕು. ಎಂಜಿನ್ನು ಎಷ್ಟೇ ಅಶ್ವಶಕ್ತಿ ಹುಟ್ಟಿಸಲಿ, ಅದು ನೆಲಕ್ಕೆ ತಲುಪುವುದು ಅಂಗೈ ಅಗಲದಷ್ಟು ರಬ್ಬರಿನ ಮೂಲಕ. ಆ ರಬ್ಬರಿಗೆ ನೆಲ ಕೊಡುವ ಹಿಡಿತದ ಲೆಕ್ಕ ಯಾವ ಬ್ರೋಷರಿನಲ್ಲೂ ಇರುವುದಿಲ್ಲ. ರಸ್ತೆಯ ಬೈಕಿಗೂ ಟ್ರ್ಯಾಕಿನ ಬೈಕಿಗೂ ಇರುವ ವ್ಯತ್ಯಾಸವೆಲ್ಲ ಹುಟ್ಟುವುದು ಅಲ್ಲಿಂದಲೇ.

ಕಲ್ಯಾಣದಿಂದ ಮುರ್ಬಾಡ್ ದಾಟಿ ಮಾಳಶೇಜ್ ಘಟ್ಟ ಹತ್ತುವಾಗ 50 ಮೀಟರ್ ತ್ರಿಜ್ಯದ ತಿರುವೊಂದು ಎದುರಾಯಿತು ಎಂದಿಟ್ಟುಕೊಳ್ಳಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಅದನ್ನು ದಾಟಲು ಬೈಕು ಸುಮಾರು 30 ಡಿಗ್ರಿ ವಾಲಬೇಕು. ವೇಗ 80 ಆದರೆ 45 ಡಿಗ್ರಿ. ಈ ಲೆಕ್ಕದಲ್ಲಿ ಬೈಕಿನ ತೂಕ, ಸಿಸಿ, ಬೆಲೆ ಯಾವುದೂ ಬರುವುದಿಲ್ಲ; ವೇಗದ ವರ್ಗ ಮತ್ತು ತಿರುವಿನ ತ್ರಿಜ್ಯ ಇವೆರಡೇ ಸಾಕು. 30 ಡಿಗ್ರಿಗೆ ನೆಲ ಕೊಡಬೇಕಾದ ಅಡ್ಡ ಹಿಡಿತ ಬೈಕು ಮತ್ತು ಸವಾರನ ಒಟ್ಟು ಭಾರದ ಅರ್ಧಕ್ಕಿಂತ ತುಸು ಹೆಚ್ಚು. 45 ಡಿಗ್ರಿಗೆ ಪೂರ್ತಿ ಭಾರದಷ್ಟೇ ಬೇಕು. ಒಣಗಿದ, ಶುಭ್ರವಾದ ಡಾಂಬರಿನ ಮೇಲೆ ಒಳ್ಳೆಯ ಟಯರು ಇಷ್ಟನ್ನು ಹೆಚ್ಚುಕಮ್ಮಿ ಕೊಟ್ಟೀತು. ಮೊದಲ ಮಳೆಗೆ ಲಾರಿಗಳ ಎಣ್ಣೆಯೆಲ್ಲ ಮೇಲೆದ್ದು ಬಂದ ರಸ್ತೆಯಲ್ಲಿ ಅದರ ಅರ್ಧವೂ ಸಿಗದೆ ಹೋಗಬಹುದು. ಮೋಟೊಜಿಪಿ ಸವಾರರು 60 ಡಿಗ್ರಿಗೂ ಮೀರಿ ವಾಲುವುದನ್ನು ಟಿವಿಯಲ್ಲಿ ನೋಡಿರುತ್ತೀರಿ. ಅವರ ಟಯರಿಗೆ ಗೀರುಗಳೇ ಇರುವುದಿಲ್ಲ, ಓಟಕ್ಕೆ ಮೊದಲೇ ಅದಕ್ಕೆ ವಿದ್ಯುತ್ ಹೊದಿಕೆ ಸುತ್ತಿ ಬಿಸಿ ಮಾಡಿರುತ್ತಾರೆ. ಬಿಸಿಯಾದ ಮೆದು ರಬ್ಬರು ಡಾಂಬರಿನ ಸಣ್ಣ ಸಣ್ಣ ಉಬ್ಬುತಗ್ಗುಗಳೊಳಗೆ ಇಳಿದು ಹಿಡಿಯುತ್ತದೆ. ರಸ್ತೆಯ ಟಯರು ತಣ್ಣಗಿದ್ದಾಗಲೂ ಹಿಡಿಯಬೇಕು, ನೀರನ್ನು ಪಕ್ಕಕ್ಕೆ ತಳ್ಳಬೇಕು, ಸಾವಿರಾರು ಕಿಲೋಮೀಟರ್ ಬಾಳಬೇಕು. ಇಷ್ಟೆಲ್ಲ ಕೆಲಸ ಹೊತ್ತ ಟಯರಿನಿಂದ ರೇಸಿನ ಹಿಡಿತ ನಿರೀಕ್ಷಿಸುವುದು ಅನ್ಯಾಯ.

ಈಗ ಎಂಜಿನ್ನಿಗೆ ಬರೋಣ. 2008ರಲ್ಲಿ ಯಮಹಾ ಆರ್15 ಭಾರತಕ್ಕೆ ಬಂದಾಗ ಮಧ್ಯಮ ವರ್ಗದ ಹುಡುಗನ ಕೈಗೆ ಮೊದಲ ಸಲ ನೀರಿನಿಂದ ತಂಪಾಗುವ, ಒಂದು ಸಿಲಿಂಡರಿಗೆ ನಾಲ್ಕು ವಾಲ್ವಿನ ಸಣ್ಣ ರೇಸ್ ಯಂತ್ರ ಸಿಕ್ಕಂತಾಯಿತು. ಈಗಿನ ಆರ್15 ವಿ4 ಬೈಕಿನ 155 ಸಿಸಿ ಎಂಜಿನ್ನು 10,000 ಆರ್‌ಪಿಎಂನಲ್ಲಿ 18.4 ಅಶ್ವಶಕ್ತಿ ಕೊಡುತ್ತದೆ. ಪಕ್ಕದಲ್ಲಿ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಇಟ್ಟು ನೋಡಿ: 349 ಸಿಸಿ, ಸುಮಾರು 20 ಅಶ್ವಶಕ್ತಿ. ಶಕ್ತಿಯಲ್ಲಿ ಎರಡೂ ಹತ್ತಿರ ಹತ್ತಿರ. ಆದರೆ ಕ್ಲಾಸಿಕ್ ತನ್ನ 27 ನ್ಯೂಟನ್ ಮೀಟರ್ ಟಾರ್ಕನ್ನು 4,000 ಆರ್‌ಪಿಎಂನಲ್ಲೇ ಕೊಟ್ಟುಬಿಡುತ್ತದೆ. ಆರ್15 ತನ್ನ 14.2ನ್ನು ಕೊಡಲು 7,500ರವರೆಗೆ ಕಾಯಿಸುತ್ತದೆ. ಆರ್15ರಲ್ಲಿ ಒಳಗಾಳಿಯ ವಾಲ್ವುಗಳನ್ನು ಎತ್ತುವ ಕ್ಯಾಮ್ ಎರಡು ಬಗೆಯದು. 7,400 ಆರ್‌ಪಿಎಂ ದಾಟಿದೊಡನೆ ಸಣ್ಣದೊಂದು ಪಿನ್ನು ಸರಿದು ದೊಡ್ಡ ಕ್ಯಾಮ್ ಕೆಲಸಕ್ಕೆ ನಿಲ್ಲುತ್ತದೆ, ವಾಲ್ವುಗಳು ಇನ್ನಷ್ಟು ಅಗಲವಾಗಿ ತೆರೆದು ಎಂಜಿನ್ನು ಹೆಚ್ಚು ಉಸಿರೆಳೆಯುತ್ತದೆ. ಟ್ರ್ಯಾಕಿನಲ್ಲಿ ಬೈಕು ಸದಾ ಆ ಗಡಿಯ ಮೇಲೇ ಓಡುತ್ತಿರುತ್ತದೆ. ಶಿಳ್‌ಫಾಟಾದ ಟ್ರಾಫಿಕ್ಕಿನಲ್ಲಿ ಎರಡನೇ ಗೇರಿನಲ್ಲಿ ತೆವಳುವಾಗ ಆ ದೊಡ್ಡ ಕ್ಯಾಮ್ ಬೆಳಗಿನಿಂದ ಸಂಜೆವರೆಗೆ ಸುಮ್ಮನೆ ಸುತ್ತುತ್ತಿರುತ್ತದೆ.

ಕೂರುವ ಭಂಗಿಯಲ್ಲೂ ಇದೇ ಕಥೆ. ತಗ್ಗಿನ ಹ್ಯಾಂಡಲ್, ಹಿಂದಕ್ಕೆ ಸರಿದ ಫುಟ್‌ರೆಸ್ಟ್ ಸವಾರನನ್ನು ಮುಂದಕ್ಕೆ ಬಾಗಿಸುತ್ತವೆ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 100 ಕಿ.ಮೀ. ಮೇಲೆ ಅದೇ ಗಾಳಿ ಎದೆಯನ್ನು ಎತ್ತಿ ಹಿಡಿಯುತ್ತದೆ, ಕೈ ಹಗುರವಾಗುತ್ತದೆ. 20 ಕಿ.ಮೀ. ವೇಗದಲ್ಲಿ ಎತ್ತಿ ಹಿಡಿಯುವ ಗಾಳಿಯೇ ಇಲ್ಲ, ಮೈಭಾರವೆಲ್ಲ ಮಣಿಕಟ್ಟಿಗೆ. ಮೇ ತಿಂಗಳ ಘೋಡ್‌ಬಂದರ್ ರಸ್ತೆಯಲ್ಲಿ ಫೇರಿಂಗಿನ ಒಳಗಿಂದ ಫ್ಯಾನು ತೊಡೆಗೆ ಬಿಸಿಗಾಳಿ ಊದುವುದೂ ಸೇರಿದರೆ, ಥಾಣೆಯಿಂದ ಮನೆಗೆ ಬಂದವನು ಚಹಾ ಲೋಟ ಹಿಡಿಯಲೂ ಬೆರಳು ಮಡಿಸಿ ಬಿಚ್ಚಿ ನೋಡಿಕೊಳ್ಳುತ್ತಾನೆ. ಸಸ್ಪೆನ್ಷನ್ ಗಟ್ಟಿ ಮಾಡಿದರೆ ಟ್ರ್ಯಾಕಿನಲ್ಲಿ ಬ್ರೇಕ್ ಹಿಡಿದಾಗ ಮೂತಿ ಕುಸಿಯುವುದಿಲ್ಲ. ಪೇವರ್ ಬ್ಲಾಕ್ ಕಿತ್ತುಹೋದ ಗಲ್ಲಿಯಲ್ಲಿ ಅದೇ ಸಸ್ಪೆನ್ಷನ್ ಟಯರನ್ನು ನೆಲದಿಂದ ಎಗರಿಸುತ್ತದೆ. ಎಗರಿದ ಟಯರಿಗೆ ಹಿಡಿತವೆಲ್ಲಿ?

ರಸ್ತೆ ಮತ್ತು ಟ್ರ್ಯಾಕನ್ನು ಒಂದೇ ಬೈಕಿನಲ್ಲಿ ಹೊಂದಿಸಲು ಹೊರಟ ಯಂತ್ರಗಳಲ್ಲಿ ನನಗೆ ತುಂಬ ಹಿಡಿಸಿದ್ದು ಟಿವಿಎಸ್ ಅಪಾಚೆ ಆರ್‌ಆರ್ 310. ಬಿಎಂಡಬ್ಲ್ಯು ಜೊತೆ ಸೇರಿ ರೂಪಿಸಿದ ಎಂಜಿನ್ನಿನ ಈ ಬೈಕು 2017ರ ಡಿಸೆಂಬರಿನಲ್ಲಿ ಬಂತು. ತಯಾರಾಗುವುದು ಬೆಂಗಳೂರಿನ ಪಕ್ಕದ ಹೊಸೂರಿನಲ್ಲಿ. ಅದರ 312 ಸಿಸಿ ಸಿಲಿಂಡರು ಹಿಂದಕ್ಕೆ ವಾಲಿ ನಿಂತಿದೆ. ಗಾಳಿ ಮುಂದಿನಿಂದ ಒಳಹೋಗುತ್ತದೆ, ಹೊಗೆ ಹಿಂದಿನಿಂದ ಹೊರಬರುತ್ತದೆ. ಇದರಿಂದ ಭಾರ ಮುಂಚಕ್ರದ ಕಡೆಗೆ ಸರಿದು, ಚಕ್ರಗಳ ನಡುವಿನ ಅಂತರ ಹೆಚ್ಚಿಸದೆಯೇ ಹಿಂದಿನ ಸ್ವಿಂಗ್ ಆರ್ಮ್ ಉದ್ದ ಮಾಡಲು ಜಾಗ ಸಿಕ್ಕಿತು. 2020ರ ಮಾದರಿಯಲ್ಲಿ ಅರ್ಬನ್, ರೇನ್, ಸ್ಪೋರ್ಟ್, ಟ್ರ್ಯಾಕ್ ಎಂಬ ನಾಲ್ಕು ಮೋಡ್ ಬಂದವು. ಆ ಮಾದರಿಯ ಮೊದಲೆರಡು ಮೋಡ್‌ಗಳಲ್ಲಿ 25.8 ಅಶ್ವಶಕ್ತಿ, ಉಳಿದೆರಡರಲ್ಲಿ 34 ಇತ್ತು. ಶಕ್ತಿ ಇದ್ದೂ ಮಳೆಗಾಲಕ್ಕೆ ಅದನ್ನು ತಡೆದು ಕೊಡುವ ಈ ವಿವೇಕ ನಮ್ಮ ಕೊಂಕಣದ ಮಳೆಗೆ ಹೇಳಿ ಮಾಡಿಸಿದಂತಿದೆ.

ಚಾಕಣದಲ್ಲಿ ತಯಾರಾಗುವ ಕೆಟಿಎಂ ಆರ್‌ಸಿ 390 ಇನ್ನೂ ಚುರುಕು. 172 ಕೆ.ಜಿ. ತೂಕಕ್ಕೆ 43.5 ಅಶ್ವಶಕ್ತಿ, 2022ರಿಂದ ಕಾರ್ನರಿಂಗ್ ಎಬಿಎಸ್. ವಾಲಿರುವಾಗ ಟಯರಿನ ಹಿಡಿತದ ಬಹುಪಾಲು ತಿರುಗುವುದಕ್ಕೇ ಖರ್ಚಾಗಿರುತ್ತದೆ, ಬ್ರೇಕಿಗೆ ಉಳಿಯುವುದು ಅಲ್ಪ. ಬೈಕು ಎಷ್ಟು ವಾಲಿದೆಯೆಂದು ಸೆನ್ಸರಿನಿಂದ ಅರಿತು ಆ ಅಲ್ಪವನ್ನು ಅಳೆದು ಬಳಸುವುದೇ ಈ ಎಬಿಎಸ್ಸಿನ ಕೆಲಸ. ಬಾರಾಮತಿಯಲ್ಲಿ ತಯಾರಾಗುವ ಎರಡು ಸಿಲಿಂಡರಿನ ಅಪ್ರಿಲಿಯಾ ಆರ್‌ಎಸ್ 457ರದ್ದು 47.6 ಅಶ್ವಶಕ್ತಿ. ಎರಡೂ ಟ್ರ್ಯಾಕಿಗೆ ಹೋಗಿ ಬರುವವರ ಬೈಕುಗಳು.

ಈ ವೇಗವನ್ನು ನಮ್ಮ ಕಡೆ ಎಲ್ಲಿ ಓಡಿಸುವುದು? ಮುಂಬಯಿ–ಪುಣೆ ಎಕ್ಸ್‌ಪ್ರೆಸ್‌ವೇಗೆ ಬೈಕುಗಳಿಗೆ ಪ್ರವೇಶವಿಲ್ಲ, 2024ರಲ್ಲಿ ತೆರೆದ ಅಟಲ್ ಸೇತುವಿಗೂ ಇಲ್ಲ. ಹಾಗಾಗಿ ನವಿ ಮುಂಬಯಿಯ ಹುಡುಗರು ಬೆಳಗಿನ ಜಾವ ಪಾಮ್ ಬೀಚ್ ರಸ್ತೆಗೆ ಇಳಿಯುತ್ತಾರೆ. ಅವರಿಗೆ ಒಂದು ಲೆಕ್ಕ ಹೇಳುತ್ತೇನೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಎದುರಿಗೆ ನಾಯಿ ಕಂಡು ಬ್ರೇಕಿಗೆ ಕೈ ಹಾಕಲು ಒಂದು ಸೆಕೆಂಡು ಹಿಡಿದರೆ, ಒಣ ರಸ್ತೆಯಲ್ಲಿ ಚೆನ್ನಾಗಿ ಬ್ರೇಕ್ ಹಿಡಿದರೂ ಬೈಕು ನಿಲ್ಲಲು ಸುಮಾರು 37 ಮೀಟರ್ ಬೇಕು. 100ರಲ್ಲಿ ಅದು ಸುಮಾರು 84 ಮೀಟರ್. ಟ್ರ್ಯಾಕಿನಲ್ಲಿ ನಾಯಿ ಇಲ್ಲ, ಎದುರಿನಿಂದ ಬರುವ ರಿಕ್ಷಾ ಇಲ್ಲ, ಬಿದ್ದವನು ಜಾರಿ ನಿಲ್ಲಲು ಮಣ್ಣು–ಜಲ್ಲಿಯ ಬಯಲಿದೆ, ಆಂಬುಲೆನ್ಸ್ ಪಕ್ಕದಲ್ಲೇ ನಿಂತಿರುತ್ತದೆ. ಅಲ್ಲಿನ ವೇಗಕ್ಕೆ ಇವೆಲ್ಲ ಸೇರಿ ಅರ್ಥ ಬರುತ್ತದೆ.

ಟ್ರ್ಯಾಕು ದೂರ ಎನ್ನುವುದು ನಿಜ. ಆದರೆ ದಾರಿ ನಮಗೆ ಗೊತ್ತಿರುವುದೇ. ಪನ್ವೇಲಿನಿಂದ ಹೊರಟ ರಾಷ್ಟ್ರೀಯ ಹೆದ್ದಾರಿ 48 ಪುಣೆ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರು, ಹೊಸೂರು ದಾಟಿ ಚೆನ್ನೈ ಸಮೀಪದ ಇರುಂಗಾಟ್ಟುಕೋಟೈಗೆ ಹೋಗುತ್ತದೆ. ಮದ್ರಾಸ್ ಮೋಟರ್ ಸ್ಪೋರ್ಟ್ಸ್ ಕ್ಲಬ್ಬಿನ 3.7 ಕಿ.ಮೀ. ಉದ್ದದ ಟ್ರ್ಯಾಕು ಇರುವುದು ಅಲ್ಲೇ. ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ 2.1 ಕಿ.ಮೀ., ಸಣ್ಣ ಬೈಕಿಗೆ ಅದೇ ಚೆಂದ. ಓಟದಲ್ಲಿ ಹೆಸರು ಮಾಡಿದ ನಮ್ಮವರೂ ಇದ್ದಾರೆ. 2019ರಲ್ಲಿ ಬಾಹಾ ರ‍್ಯಾಲಿಗಳ ಮಹಿಳಾ ವಿಶ್ವಕಪ್ ಗೆದ್ದ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಟ್ರ್ಯಾಕ್ ರೇಸಿನಲ್ಲೂ ರಾಷ್ಟ್ರೀಯ ಚಾಂಪಿಯನ್. ಡಕಾರ್ ರ‍್ಯಾಲಿಯವರೆಗೆ ಹೋದ ಉಡುಪಿಯ ಕೆ.ಪಿ. ಅರವಿಂದ್ ಕೂಡ ನಮ್ಮವರೇ.

ಟ್ರ್ಯಾಕಿನಲ್ಲಿ ಕಲಿತದ್ದು ರಸ್ತೆಯಲ್ಲಿ ಜೀವ ಉಳಿಸುತ್ತದೆ. ಒಂದೇ ಉದಾಹರಣೆ ಸಾಕು. ವೇಗದಲ್ಲಿ ಬಲಕ್ಕೆ ತಿರುಗಲು ಬಲಗೈಯ ಹಿಡಿಯನ್ನು ಮುಂದಕ್ಕೆ ತಳ್ಳಬೇಕು. ಚಕ್ರ ಕ್ಷಣಕಾಲ ಎಡಕ್ಕೆ ಹೊರಳುತ್ತದೆ, ಬೈಕು ಬಲಕ್ಕೆ ವಾಲುತ್ತದೆ, ಆಮೇಲೆ ಬಲಕ್ಕೆ ತಿರುಗುತ್ತದೆ. ಎಲ್ಲರೂ ಅರಿವಿಲ್ಲದೆ ಇದನ್ನೇ ಮಾಡುತ್ತಾರೆ. ಆದರೆ ಗುಂಡಿ ದಿಢೀರನೆ ಎದುರಾದಾಗ ಗಾಬರಿಯಲ್ಲಿ ತಿರುವುಮುರುವು ಮಾಡಿ ಬೀಳುತ್ತಾರೆ. ಟ್ರ್ಯಾಕಿನಲ್ಲಿ ತರಬೇತುದಾರರ ಮುಂದೆ ಮತ್ತೆ ಮತ್ತೆ ಮಾಡಿದರೆ ಅದು ಕೈಗೆ ಕೂರುತ್ತದೆ.

ಹಾಗಾಗಿ ನನ್ನ ಮಾತು ಇಷ್ಟು. ಡೊಂಬಿವಲಿಯಿಂದ ದಿನಾ ಮಹಾಪೆಗೋ ಐರೋಲಿಗೋ ಕೆಲಸಕ್ಕೆ ಹೋಗುತ್ತ ವರ್ಷಕ್ಕೊಮ್ಮೆ ಟ್ರ್ಯಾಕಿಗೆ ಹೋಗುವ ಆಸೆ ಇದ್ದವರಿಗೆ ಆರ್‌ಆರ್ 310 ಸರಿ. ಸವಾರಿ ಕಲಿಯಬೇಕೆನ್ನುವ ಹೊಸಬರಿಗೆ ಆರ್15ಕ್ಕಿಂತ ಒಳ್ಳೆಯ ಮೇಷ್ಟ್ರು ಸಿಗುವುದಿಲ್ಲ. ಆರ್‌ಸಿ 390, ಆರ್‌ಎಸ್ 457 ಆಮೇಲಿನ ಮಾತು. ಬೈಕಿನ ಬೆಲೆಯಲ್ಲಿ ಒಂದಿಷ್ಟು ತೆಗೆದಿಟ್ಟು ಒಳ್ಳೆಯ ಹೆಲ್ಮೆಟ್ಟು, ಗ್ಲೌಸು ಕೊಳ್ಳಿ, ಒಂದು ಟ್ರ್ಯಾಕ್ ತರಬೇತಿಗೆ ಹೆಸರು ಕೊಡಿ. ಪಾಮ್ ಬೀಚ್ ರಸ್ತೆಯನ್ನು ಬೆಳಗಿನ ವಾಕಿಂಗಿಗೆ ಬರುವವರಿಗೆ ಬಿಟ್ಟುಕೊಡಿ.